ಮಗ್ಗದ ಗುಂಡಿಯ ಗಾಳಿ

ಕೊಳ್ಳೇಗಾಲದಲ್ಲಿ ನಾವು ಈಗ ಇರುವ ಮನೆಯನ್ನು ಕೊಂಡಾಗ ಹಿಂದಿನ ಕೋಣೆಯಲ್ಲಿದ್ದ ಒಂದು ಗುಂಡಿಯೂ ಜೊತೆಗೆ ಬಂತು. ಮಾರಿದವರು ರೇಷ್ಮೆ ಸೀರೆ ನೇಯುವ ಮನೆಯವರು. ಮಗ್ಗ ಬಿಚ್ಚಿ ಟೆಂಪೋದಲ್ಲಿ ಹೇರಿಕೊಂಡು ಹೋದರು. ನೇಯುವವರು ಕಾಲು ಇಳಿಬಿಟ್ಟು ಕೂರುತ್ತಿದ್ದ ಗುಂಡಿಯನ್ನು ಹೇರಿಕೊಂಡು ಹೋಗುವುದಕ್ಕಾಗುತ್ತದೆಯೇ? ಅದು ನಮಗೆ ಉಳಿಯಿತು. ಇಳಿದು ನಿಂತರೆ ನನ್ನ ಸೊಂಟದ ತನಕ ಬರುವಷ್ಟು ಆಳ, ಸುತ್ತ ಕಲ್ಲು ಕಟ್ಟಿದ್ದು. ನಮ್ಮ ಅತ್ತೆ ಬಗ್ಗಿ ನೋಡಿ, "ತೆಂಗಿನಕಾಯಿ ಮಡಗಕೆ ಆಯ್ತು ಬುಡು" ಅಂದರು. ಸತ್ತೇಗಾಲದ ನನ್ನ ತವರಿನಿಂದ ಬರುತ್ತಿದ್ದ ಕಾಯಿಗಳು ಹಲವು ವರ್ಷ ಅದರೊಳಗೇ ಬಿದ್ದಿದ್ದವು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಬೀದಿಯವರ ಬಾಯಲ್ಲಿ ಮೇಷ್ಟ್ರಮ್ಮ. ನನ್ನ ಗಂಡನದು ಮೋಟಾರ್ ವೈಂಡಿಂಗ್ ಅಂಗಡಿ. ಮನೆಯಲ್ಲಿ ನಾವಿಬ್ಬರು, ಅತ್ತೆ, ಮತ್ತೆ ಆ ಕೋಣೆ. ಆ ಕೋಣೆಗೆ ಗಿಡಗಳು ಬಂದಿದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ. ಅವನು ಯಳಂದೂರಿನ ಆಚೆ ಬೆಟ್ಟದ ಮೇಲಿನ ಒಂದು ರೆಸಾರ್ಟಿನಲ್ಲಿ ಅಡುಗೆಯವನು. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ ಗೋಳು ಹೇಳಿಕೊಂಡ. "ಮೇಡಂ, ಬಂದೋರೆಲ್ಲ ಹಸಿ ಎಲೆ ಕೇಳ್ತಾರೆ. ಲೆಟಿಸ್ ಅಂತ. ದೂರದಿಂದ ತರಿಸಿದ್ರೆ ಬೆಟ್ಟ ಹತ್ತೋ ಹೊತ್ತಿಗೆ ಬಾಡಿ ಬತ್ತಿ ಆಗಿರ್ತದೆ. ನೀವು ಗಿಡ ಬೆಳೆಸೋದ್ರಲ್ಲಿ ಹುಷಾರು. ಒಂದು ಕೈ ನೋಡಿ."

ಅವನು ಎಂಟನೇ ಕ್ಲಾಸಿನಲ್ಲಿದ್ದಾಗ ನಾನು ಶಾಲೆಯ ಕಿಟಕಿಯಲ್ಲಿ ಹೆಸರುಕಾಳು ಮೊಳಕೆ ಬರಿಸಿದ್ದೆ. ಅದನ್ನು ನೆನಪಿಟ್ಟುಕೊಂಡು ಹೊಗಳಿದನಲ್ಲ ಎಂದು ನಾನು ಉಬ್ಬಿಹೋದೆ.

ನಮ್ಮ ಬಿಸಿಲಿಗೆ ಆ ಎಲೆ ಹೊರಗೆ ನಿಲ್ಲುವುದಿಲ್ಲ. ಹಾಗಾಗಿ ಹಿಂದಿನ ಕೋಣೆಯೇ ಗತಿ. ಗಂಡ ಎರಡು ಕಬ್ಬಿಣದ ರ್‍ಯಾಕು ತಂದು ಪ್ರತಿ ಅಟ್ಟಕ್ಕೂ ಬೆಳಕಿನ ಪಟ್ಟಿ ಕಟ್ಟಿಕೊಟ್ಟರು. ಹಳೆಯ ಎ.ಸಿ. ಒಂದನ್ನು ರಿಪೇರಿ ಮಾಡಿ ಕೂರಿಸಿದರು. ತಂಪು ಹೊರಗೆ ಹೋಗದ ಹಾಗೆ ಕಿಟಕಿಗೆ ಥರ್ಮಾಕೋಲ್ ಹೊಡೆದು, ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿ, ಇರುವೆಯೂ ಅಪ್ಪಣೆ ಕೇಳಿಕೊಂಡು ಒಳಗೆ ಬರಬೇಕು ಅನ್ನುವ ಹಾಗೆ ಮಾಡಿದರು. ತಟ್ಟೆಗಳಲ್ಲಿ ತೆಂಗಿನ ನಾರಿನ ಪುಡಿ ತುಂಬಿ ನಾನು ಬೀಜ ಹಾಕಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

"ಇದ ಯಾರವ್ವ ತಿನ್ನರು?"

"ಟೂರಿಸ್ಟುಗಳು ತಿಂತಾರೆ ಅತ್ತೆ."

"ಬೇಸಿ?"

"ಇಲ್ಲ, ಹಸಿದೇ."

"ಪಾಪ" ಎಂದು ಹೇಳಿ ಅತ್ತೆ ಒಳಗೆ ಹೋದರು.

ಮೊದಲ ಬೆಳೆ ಬಂತು. ಆದರೆ ನಾನು ಅಂದುಕೊಂಡ ಹಾಗೆ ಬರಲಿಲ್ಲ. ಎಲೆ ತೆಳ್ಳಗೆ, ಬೆಳವಣಿಗೆ ನಿಧಾನ. ನೀರು ಸರಿಯಿತ್ತು, ಗೊಬ್ಬರ ಸರಿಯಿತ್ತು, ಬೆಳಕು ಕಣ್ಣು ಕುಕ್ಕುವಷ್ಟಿತ್ತು. ಕೊನೆಗೆ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ತೋರಿಸುವ ಅಂಗೈಯಗಲದ ಮೀಟರೊಂದನ್ನು ತರಿಸಿ ಗೋಡೆಗೆ ನೇತುಹಾಕಿದೆ. ಹೊರಗಡೆ ಅದು ನಾನೂರು ಚಿಲ್ಲರೆ ತೋರಿಸುತ್ತಿತ್ತು. ಗಿಡಗಳ ಕೋಣೆಯಲ್ಲಿ ಬೆಳಕು ಹಾಕಿ ಬಾಗಿಲು ಮುಚ್ಚಿ ಎರಡು ಗಂಟೆ ಬಿಟ್ಟು ನೋಡಿದರೆ ಇನ್ನೂರೈವತ್ತಕ್ಕೆ ಇಳಿದಿತ್ತು! ಇರುವ ಗ್ಯಾಸನ್ನೆಲ್ಲ ಎಲೆಗಳು ತಿಂದು ಮುಗಿಸಿದ್ದವು. ಇರುವೆಗೂ ಜಾಗವಿಲ್ಲದ ಹಾಗೆ ಕೋಣೆ ಮುಚ್ಚಿದವರು ನಾವೇ. ಗಿಡ ಏನನ್ನು ಉಂಡು ಬದುಕುತ್ತದೆ ಎಂದು ವರ್ಷಾ ವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದ ನಾನು ನನ್ನ ಗಿಡಗಳನ್ನು ಉಪವಾಸ ಕೆಡವಿದ್ದೆ.

ಬಾಗಿಲು ತೆರೆದಿಡಬಹುದಿತ್ತು. ಆದರೆ ತಂಪು ಹೋಗುತ್ತದೆ, ಜೊತೆಗೆ ಬಿಳಿ ನೊಣ ಬರುತ್ತದೆ. ನಿಜ ಹೇಳಬೇಕೆಂದರೆ ಬಾಗಿಲು ತೆರೆಯುವುದು ತೀರಾ ಸಪ್ಪೆ ಉಪಾಯ ಅನ್ನಿಸಿತು. ಒಂದು ಪ್ರಯೋಗ ಮಾಡುವ ಅವಕಾಶ ಬಿಡುವವಳಲ್ಲ ನಾನು.

ಮೊದಲ ಪ್ರಯೋಗ ಬೆಲ್ಲದ್ದು. ಬೆಲ್ಲದ ನೀರಿಗೆ ಬ್ರೆಡ್ಡಿಗೆ ಹಾಕುವ ಈಸ್ಟ್ ಹಾಕಿದರೆ ಹುಳಿತು ಗ್ಯಾಸ್ ಬರುತ್ತದೆ. ಸತ್ತೇಗಾಲದಲ್ಲಿ ಕಬ್ಬು ಬೆಳೆಯುವ ನನ್ನ ಅಣ್ಣ ಒಂದು ಪಿಂಡಿ ಬೆಲ್ಲ ಕಳಿಸಿದ. ಇಪ್ಪತ್ತು ಲೀಟರಿನ ನೀರಿನ ಕ್ಯಾನು ಎರಡರಲ್ಲಿ ಬೆಲ್ಲ ಕರಗಿಸಿ, ಮುಚ್ಚಳಕ್ಕೆ ತೂತು ಮಾಡಿ, ಪೈಪು ಸಿಕ್ಕಿಸಿ ರ್‍ಯಾಕಿನ ಮೇಲಿಟ್ಟೆ. ಎರಡನೇ ದಿನ ಮೀಟರು ಎಂಟುನೂರು ತೋರಿಸಿತು. ನಾನು ಹಿಗ್ಗಿದೆ. ಮೂರನೇ ದಿನ ಪಕ್ಕದ ಮನೆಯ ರೇಷ್ಮೆ ನೇಯುವ ಹೆಂಗಸು ಬೇಲಿಯ ಹತ್ತಿರ ಬಂದು ಮೂಗು ಅರಳಿಸಿದಳು.

"ಮೇಷ್ಟ್ರಮ್ಮ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಮನೆಲಿ ಯಾರಾದ್ರೂ ಕುಡೀತಾರ?"

"ಇಲ್ಲವಲ್ಲ, ಯಾಕೆ?"

"ಅಂಗಾದ್ರೆ ಕಳ್ಳಬಟ್ಟಿ ಕಾಯಿಸ್ತಾವ್ರೆ."

ಅದೇ ಸಂಜೆ ಒಂದು ಪೈಪಿನಲ್ಲಿ ಬೆಲ್ಲದ ಗಸಿ ಕಟ್ಟಿಕೊಂಡು, ಕ್ಯಾನಿನ ಮುಚ್ಚಳ ಡಬ್ ಎಂದು ಹಾರಿ ಸೂರಿಗೆ ಬಡಿಯಿತು. ನೊರೆ ಲೆಟಿಸಿನ ಮೇಲೆ, ಎ.ಸಿ.ಯ ಮೇಲೆ, ಬೆಳಕಿನ ಪಟ್ಟಿಯ ಮೇಲೆ. ಮಾರನೆಯ ಬೆಳಿಗ್ಗೆ ಇರುವೆಗಳು ಅಪ್ಪಣೆ ಕೇಳದೆಯೇ ಒಳಗೆ ಬಂದಿದ್ದವು. ತೊಳೆಯುವುದಕ್ಕೆ ಇಡೀ ದಿನ ಹಿಡಿಯಿತು. ಗಂಡ ಬೆಳಕಿನ ಪಟ್ಟಿ ಒರೆಸುತ್ತ ಒರೆಸುತ್ತ ಹೇಳಿದರು: "ಸೋಡಾ ಮಾಡೋರು ಗ್ಯಾಸನ್ನ ಸಿಲಿಂಡರಿನಲ್ಲಿ ತರಿಸ್ತಾರೆ ಕಣೆ. ಬೆಲ್ಲಾನ ಪಾಯಸಕ್ಕೆ ಬಿಡು."

ಹನೂರಿನಲ್ಲಿ ಗೋಲಿ ಸೋಡಾ ಮಾಡುವ ಒಬ್ಬರು ಅವರಿಗೆ ಗೊತ್ತಿದ್ದರು. ಅವರ ಮೋಟಾರು ಸುಟ್ಟಾಗಲೆಲ್ಲ ನಮ್ಮ ಅಂಗಡಿಗೇ ಬರುತ್ತಿತ್ತು. ಒಂದು ಶನಿವಾರ ಶಾಲೆ ಮುಗಿಸಿಕೊಂಡು ಇಬ್ಬರೂ ಹೋದೆವು. ಬೆಟ್ಟಕ್ಕೆ ಹೋಗುವ ಬಸ್ಸುಗಳು ನಿಲ್ಲುವ ಕಡೆ ಅವರ ಪುಟ್ಟ ಅಂಗಡಿ. ಎಪ್ಪತ್ತು ದಾಟಿದ ಮನುಷ್ಯ, ಗಿರಾಕಿಗಳಿಗೆ ತಮಿಳಿನಲ್ಲಿ ಉತ್ತರ ಹೇಳುತ್ತ ನಮ್ಮ ಹತ್ತಿರ ಕನ್ನಡದಲ್ಲಿ ಮಾತಾಡಿದರು. ಗಿಡಕ್ಕೆ ಸೋಡಾ ಗ್ಯಾಸು ಬೇಕು ಎಂದಾಗ ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟರು.

"ಗಿಡಕ್ಕೆ ತೇಗು ಬತ್ತದಾ ತಾಯಿ?"

ನಾನು ವಿವರಿಸಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡರು. ಮೊಣಕಾಲಿಗಿಂತ ತುಸು ಎತ್ತರದ ಒಂದು ಸಿಲಿಂಡರನ್ನೂ, ಅದರ ತಲೆಗೆ ಹಾಕುವ ಹಳೆಯ ರೆಗ್ಯುಲೇಟರನ್ನೂ ಕೊಟ್ಟರು. ಕೊಡುವಾಗ ಬೆರಳೆತ್ತಿ ಎರಡು ಮಾತು ಹೇಳಿದರು. "ಯಾವಾಗ್ಲೂ ನೆಟ್ಟಗೆ ನಿಂತಿರ್ಬೇಕು, ಬೀಳ್ಬಾರ್ದು. ಗಾಳಿ ಆಡೋ ಕಡೆ ಮಡಗ್ಬೇಕು. ಈ ಗ್ಯಾಸು ನೆಲಕ್ಕೇ ಮಲಗೋ ಜಾತಿ."

ನಾನು ತಲೆಯಾಡಿಸಿದೆ. ಎರಡು ಮಾತಿನಲ್ಲಿ ಮನೆ ತಲುಪುವ ತನಕ ನನ್ನ ತಲೆಯಲ್ಲಿ ಉಳಿದಿದ್ದು ಮೊದಲನೆಯದು ಮಾತ್ರ. ನೆಟ್ಟಗೆ ನಿಂತಿರಬೇಕು, ಬೀಳಬಾರದು. ನಮ್ಮ ಕೋಣೆಯಲ್ಲಿ ಸಿಲಿಂಡರು ಬೀಳದೆ ನೆಟ್ಟಗೆ ನಿಲ್ಲುವ ಜಾಗ ಯಾವುದು? ಮಗ್ಗದ ಗುಂಡಿ. ತೆಂಗಿನಕಾಯಿಗಳನ್ನೆಲ್ಲ ಎತ್ತಿ ಅಡುಗೆಮನೆಯ ಮೂಲೆಗೆ ಸಾಗಿಸಿ, ಗುಂಡಿಯ ಮೂಲೆಯಲ್ಲಿ ಸಿಲಿಂಡರನ್ನು ನಿಲ್ಲಿಸಿದೆ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಅದರಿಂದ ಒಂದು ಪೈಪು ಮೇಲೆ ಬಂದು ಗೋಡೆಯ ಫ್ಯಾನಿನ ಮುಂದೆ ಗ್ಯಾಸು ಬಿಡುವ ಹಾಗೆ ಮಾಡಿದೆವು.

ದಿನಾ ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ನಾನು ಗುಂಡಿಗೆ ಇಳಿದು, ಬಗ್ಗಿ, ತಿರುಪು ಸಡಿಲಿಸಿ, ಇಪ್ಪತ್ತು ಎಣಿಸಿ, ಮತ್ತೆ ಬಿಗಿ ಮಾಡುತ್ತಿದ್ದೆ. ಮೀಟರು ಸಾವಿರದ ಹತ್ತಿರ ಬರುತ್ತಿತ್ತು. ಎರಡೇ ವಾರದಲ್ಲಿ ಎಲೆಗಳು ದಪ್ಪಗಾಗಿ ಗುಂಗುರು ಗುಂಗುರಾಗಿ ಎದ್ದವು. ಡಬ್ಬಿಗೆ ತುಂಬಿ ಯಳಂದೂರಿನ ಬಸ್ಸಿಗೆ ಹಾಕಿದೆ. ಅಡುಗೆಯವನು ಫೋನು ಮಾಡಿ, "ಮೇಡಂ, ಕಚ್ಚಿದ್ರೆ ಕರ್ ಅಂತದೆ" ಅಂದ. ಆ ವಾರವೆಲ್ಲ ನಾನು ಕ್ಲಾಸಿನಲ್ಲಿ ಯಾರಿಗೂ ಬೈಯಲಿಲ್ಲ.

ಆಮೇಲೆ ಆ ಭಾನುವಾರ ಬಂತು.

ಬೆಳಗಾಗುವ ಮುಂಚೆಯೇ ಕರೆಂಟು ಹೋಗಿತ್ತು. ಕಾಫಿ ಕುಡಿದು ಟಾರ್ಚು ಹಿಡಿದು ಹಿಂದಿನ ಕೋಣೆಗೆ ಹೋದೆ. ಫ್ಯಾನು ನಿಂತಿತ್ತು. ಬ್ಯಾಟರಿಯ ಮೇಲೆ ನಡೆಯುವ ಮೀಟರು ಗೋಡೆಯಲ್ಲಿ ಮಿನುಗುತ್ತಿತ್ತು. ದಿನದ ಲೆಕ್ಕಕ್ಕಿಂತ ಜಾಸ್ತಿಯೇ ಇತ್ತು, ಆದರೆ ಓಡಿಹೋಗುವಂಥದ್ದೇನೂ ಅಲ್ಲ. ಗುಂಡಿಯ ಕಡೆಯಿಂದ ಸಣ್ಣಗೆ ಸುಯ್ ಎಂಬ ಸದ್ದು. ಟಾರ್ಚು ಬಿಟ್ಟು ನೋಡಿದರೆ ರೆಗ್ಯುಲೇಟರು ಕೂರುವ ಕಡೆ ಬಿಳಿಯ ಹಿಮ ಹತ್ತಿದೆ. ಓಹೋ, ವಾಷರು ಸಡಿಲವಾಗಿದೆ, ಇಳಿದು ಬಿಗಿ ಮಾಡಿದರಾಯಿತು ಎಂದುಕೊಂಡು ಸೀರೆ ಎತ್ತಿ ಕಟ್ಟಿ ಗುಂಡಿಯ ಅಂಚಿಗೆ ಕೂತೆ.

ಹಿಂದಿನಿಂದ ಯಾರೋ ರಟ್ಟೆ ಹಿಡಿದು ಎಳೆದರು. ಅತ್ತೆ! ಆ ವಯಸ್ಸಿನಲ್ಲಿ ಅಷ್ಟು ಬಲ ಎಲ್ಲಿತ್ತೋ, ನಾನು ಹಿಂದಕ್ಕೆ ಕುಕ್ಕರಿಸಿ ಬಿದ್ದೆ.

"ಇಳೀಬ್ಯಾಡ."

"ಅತ್ತೆ, ಗ್ಯಾಸು ಸೋರ್ತಾ ಇದೆ, ಒಂದು ನಿಮಿಷ, ಬಿಗಿ ಮಾಡಿ ಬಂದ್ಬಿಡ್ತೀನಿ."

"ಅದೇನು ಗ್ಯಾಸು? ನೆನ್ನೆ ನೀನೇ ಯೋಳ್ದಲ್ಲ, ನಾವು ಬುಡೋ ಉಸ್ರು ಅಂತ?"

"ಹೌದು, ಅದೇ."

"ಅಂಗಾದ್ರೆ ದೀಪ ಇಳೀಲಿ ಮೊದ್ಲು. ಆಮೇಕೆ ನೀನು."

ಅವರ ಮುಖ ನೋಡಿದವಳಿಗೆ ಎದುರು ಮಾತಾಡುವ ಧೈರ್ಯ ಬರಲಿಲ್ಲ. ಅತ್ತೆಯ ಮುಖ ಬಿಳಿಚಿಕೊಂಡಿತ್ತು. ಸರಸರ ಒಳಗೆ ಹೋಗಿ ದೇವರ ಮುಂದಿನ ಹಣತೆಯನ್ನು ಸಾರು ಬಡಿಸುವ ಸ್ಟೀಲಿನ ಬಕೆಟ್ಟಿನೊಳಗೆ ಕೂರಿಸಿಕೊಂಡು ಬಂದರು. ಇದು ಹತ್ತಿಕೊಂಡು ಉರಿಯುವ ಗ್ಯಾಸಲ್ಲ ಎಂದು ಗೊತ್ತಿದ್ದರಿಂದ ನಾನು ತಡೆಯಲಿಲ್ಲ. ಬಕೆಟ್ಟಿನ ಹಿಡಿಗೆ ಸೀರೆ ಒಣಗಿಸುವ ಹಗ್ಗ ಕಟ್ಟಿ ಅತ್ತೆ ಗುಂಡಿಯ ಅಂಚಿನಿಂದ ಮೆಲ್ಲಗೆ ಇಳಿಬಿಟ್ಟರು. ಒಂದು ಗೇಣು ಇಳಿಯಿತು. ದೀಪ ಸಣ್ಣಗಾಯಿತು. ಇನ್ನೊಂದು ಗೇಣು. ಬೆಂಕಿ ಬತ್ತಿಯಿಂದ ಮೇಲಕ್ಕೆ ಹಾರಿದ ಹಾಗೆ ಆಗಿ ಪಟ್ಟನೆ ಆರಿತು. ಗಾಳಿ ಬೀಸಿರಲಿಲ್ಲ. ಯಾರೂ ಊದಿರಲಿಲ್ಲ. ಒಂದು ಎಳೆ ಹೊಗೆ ಗುಂಡಿಯೊಳಗೇ ಅಡ್ಡಕ್ಕೆ ಹರಡಿಕೊಂಡು ನಿಂತಿತು.

ಅತ್ತೆ ಹಗ್ಗ ಹಿಡಿದುಕೊಂಡೇ, "ನೋಡ್ದಾ?" ಅಂದರು.

ನಾನು ನೋಡಿದೆ. ಅಷ್ಟೇ ಅಲ್ಲ, ಇದನ್ನೇ ನಾನು ಪ್ರತಿ ವರ್ಷ ಕ್ಲಾಸಿನಲ್ಲಿ ಮಾಡಿ ತೋರಿಸುತ್ತಿದ್ದೆ. ಸೋಡಾಪುಡಿಗೆ ನಿಂಬೆರಸ ಹಾಕಿ, ಬಂದ ಗ್ಯಾಸನ್ನು ಲೋಟದಿಂದ ಮೊಂಬತ್ತಿಯ ಮೇಲೆ ಸುರಿದು ಆರಿಸುವುದು. "ಮಕ್ಕಳೇ, ಇದು ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ" ಎಂದು ಹೇಳುವುದು. ಮಕ್ಕಳು ಚಪ್ಪಾಳೆ ತಟ್ಟುವುದು. ಮೀಟರು ನನ್ನ ಮುಖದ ಎತ್ತರದಲ್ಲಿ ಇತ್ತು, ಗ್ಯಾಸು ಗುಂಡಿಯಲ್ಲಿತ್ತು. ಬಗ್ಗಿ ವಾಷರು ಬಿಗಿ ಮಾಡಲು ನಾನು ತಲೆಯನ್ನು ಅದರೊಳಗೇ ಅದ್ದಬೇಕಾಗಿತ್ತು. ನಾನು ಗುಂಡಿಯ ಅಂಚಿನಿಂದ ಇನ್ನಷ್ಟು ಹಿಂದೆ ಸರಿದೆ.

ಅತ್ತೆ ಒಂದು ಕ್ಷಣವೂ ತಡ ಮಾಡಲಿಲ್ಲ. ನನ್ನನ್ನು ಹೊರಗೆ ಕಳಿಸಿ, ಮಗನನ್ನು ಕೂಗಿದರು. ಕಿಟಕಿಯ ಥರ್ಮಾಕೋಲ್ ಕೀಳಿಸಿದರು. ಬಾಗಿಲುಗಳನ್ನೆಲ್ಲ ತೆಗೆಸಿದರು. ಹಿತ್ತಲ ಹೊಂಗೆಯಿಂದ ತೋಳುದ್ದದ ಒಂದು ಸೊಪ್ಪಿನ ಕೊಂಬೆ ಕಡಿಸಿ, ಹಗ್ಗ ಕಟ್ಟಿ, ಗುಂಡಿಗೆ ಬಿಟ್ಟು ಒಳಗಿನ ಗಾಳಿ ಕಲಕುವ ಹಾಗೆ ಮೇಲಕ್ಕೂ ಕೆಳಕ್ಕೂ ಜಗ್ಗು ಎಂದು ತೋರಿಸಿಕೊಟ್ಟರು. ನನ್ನ ಗಂಡ ಅಂಗಡಿಗೆ ಹೋಗುವ ಬಿಳಿ ಶರ್ಟಿನಲ್ಲೇ ಬಾಗಿಲಿನ ಹತ್ತಿರ ನಿಂತು, ಬಾವಿಯಿಂದ ನೀರು ಸೇದುವವರ ಹಾಗೆ ಸೊಪ್ಪು ಎಳೆದರು, ಬಿಟ್ಟರು. ಸ್ವಲ್ಪ ಹೊತ್ತಿಗೊಮ್ಮೆ ಹೊರಗೆ ಬಂದು ಉಸಿರು ತೆಗೆದುಕೊಂಡು ಹೋಗಬೇಕೆಂದು ಅಪ್ಪಣೆಯಾಗಿತ್ತು. ಪಕ್ಕದ ಮನೆಯವಳು ಬೇಲಿಯಿಂದ ಇಣುಕಿ, ಈ ಸಲ ಏನೂ ಕೇಳದೆ ವಾಪಸು ಹೋದಳು.

ಕರೆಂಟು ಬಂದ ಮೇಲೆ ದೊಡ್ಡ ಫ್ಯಾನು ತಂದು ಗುಂಡಿಯತ್ತ ತಿರುಗಿಸಿದೆವು. ಅತ್ತೆ ಮತ್ತೆ ದೀಪ ಇಳಿಬಿಟ್ಟರು. ಆರಿತು. ಅರ್ಧ ಗಂಟೆ ಬಿಟ್ಟು ಮತ್ತೆ. ಆರಿತು. ಅಷ್ಟು ಹೊತ್ತಿಗೆ ಸುಯ್ ಸದ್ದೂ ನಿಂತಿತ್ತು, ಸಿಲಿಂಡರು ಖಾಲಿ. ಮೂರನೆಯ ಸಲ ದೀಪ ತಳದವರೆಗೂ ಇಳಿದು ಅಲ್ಲಿಯೇ ಉರಿಯುತ್ತ ಕೂತಿತು. ಅತ್ತೆ ತಳದಲ್ಲಿ ಉರಿಯುವ ದೀಪವನ್ನೇ ಬಹಳ ಹೊತ್ತು ನೋಡಿದರು. ಆಮೇಲೆ, "ಈಗ ಇಳೀಲಿ" ಅಂದರು. ಗಂಡ ಇಳಿದು ಸಿಲಿಂಡರನ್ನು ಮೇಲೆ ಕೊಟ್ಟರು.

ಅವತ್ತು ಮಧ್ಯಾಹ್ನ ಊಟ ಮಾಡಿ ಜಗುಲಿಯಲ್ಲಿ ಕೂತಾಗ ಅತ್ತೆಯನ್ನು ಕೇಳಿದೆ, ಇದೆಲ್ಲ ನಿಮಗೆ ಹೇಗೆ ಗೊತ್ತು ಎಂದು. ಅತ್ತೆ ಹುಟ್ಟಿದ್ದು ಹನೂರಿನ ಹತ್ತಿರ ಶಾಗ್ಯದಲ್ಲಿ, ಜಮೀನಿದ್ದ ಮನೆ. ಅವರ ಚಿಕ್ಕಂದಿನಲ್ಲಿ ಮನೆಯ ಮುಂದೆ ರಾಗಿ ತುಂಬುವ ಹಗೇವು ಇತ್ತಂತೆ. ಹಗೇವು ಎಂದರೆ ನೆಲದೊಳಗಿನ ಕಣಜ. ಒಬ್ಬರು ಮಾತ್ರ ತೂರುವಷ್ಟು ಬಾಯಿ, ಒಳಗೆ ಒಂದು ಕೋಣೆಯಷ್ಟು ವಿಶಾಲ. ರಾಗಿ ತುಂಬಿ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ತೆಗೆಯುವ ದಿನ ಮಾತ್ರ ಹುಷಾರಾಗಿರಬೇಕು. ಒಳಗೆ ಕೆಟ್ಟ ಗಾಳಿ ಕಟ್ಟಿಕೊಂಡಿರುತ್ತದೆ. ಬಾಯಿ ತೆರೆದು ಬಿಟ್ಟು, ಸೊಪ್ಪು ಆಡಿಸಿ, ದೀಪ ಇಳಿಸಿ ನೋಡಿ, ಆಮೇಲೆ ಮನುಷ್ಯ.

"ನಮ್ಮ ಸೋದರಮಾವ ಆತುರಗಾರ" ಎಂದರು ಅತ್ತೆ. "ನೆಂಟ್ರು ಬಂದಿದ್ರು. ಇಟ್ಟು ಮಾಡಕೆ ರಾಗಿ ಬೇಕಿತ್ತು. ನಾನು ಎಂಟೊ ಒಂಬತ್ತೊ ವರ್ಷದವ್ಳು. ದೀಪ ತಕಂಡ್ ಬಾ ಅಂತ ನನ್ನ ಒಳಕ್ ಕಳಿಸುದ್ರು. ಎಣ್ಣೆ ಇರ್ನಿಲ್ಲ. ಅವ್ವನ್ನ ಕೇಳಿ, ಎಣ್ಣೆ ಉಯ್ಸಿ, ಅಚ್ಚುಕಂಡು ಬರೋ ಒತ್ಗೆ ಮಾವ ಇಳ್ದಾಗಿತ್ತು."

ನಾನು ಅವರ ಹತ್ತಿರಕ್ಕೆ ಸರಿದು ಕೂತೆ.

"ಕೂಗುದ್ರೆ ಓಗುಡ್ನಿಲ್ಲ. ಇನ್ನೊಬ್ರು ಇಳಿಯಕೆ ಓದ್ರು, ನಮ್ಮಜ್ಜಿ ಅವ್ರ ಕಾಲ ತಬ್ಬುಕಂಡು ಬುಡ್ನಿಲ್ಲ. ಕೊಕ್ಕೆ ಆಕಿ ಎಳುದ್ರು. ಅಷ್ಟೊತ್ಗೆ ಆಗೋಗಿತ್ತು." ಅತ್ತೆ ಸೆರಗಿನ ತುದಿಯಿಂದ ಜಗುಲಿಯ ಮೇಲಿದ್ದ ಧೂಳನ್ನು ಒರೆಸಿದರು. "ನಾನು ದೀಪ ಇಡ್ಕಂಡು ಅಂಗೇ ನಿಂತಿದ್ದಿ. ಯಾರೂ ನನ್ನ ಬಯ್ಲಿಲ್ಲ. ಆದ್ರೂವೆ."

ನಾನು ಅವರ ಸೊಸೆಯಾಗಿ ಬಂದು ಇಪ್ಪತ್ತು ವರ್ಷದ ಮೇಲಾಗಿದೆ, ಒಮ್ಮೆಯೂ ಇದನ್ನು ಹೇಳಿರಲಿಲ್ಲ. ಅವರ ಮಗನಿಗೂ ಈ ವಿಷಯ ಅವತ್ತೇ ಗೊತ್ತಾಗಿದ್ದು. ಅವರು ಅಮ್ಮನ ಪಕ್ಕ ಬಂದು ಕೂತು, "ನಿಂದೇನವ್ವ ತಪ್ಪು, ಎಣ್ಣೆ ಇರ್ಲಿಲ್ಲ ಅಷ್ಟೆ" ಅಂದರು. ಅತ್ತೆ, "ಊಂ ಕಣಪ್ಪ, ಎಣ್ಣೆ ಇರ್ನಿಲ್ಲ" ಅಂದು ಕೊಂಚ ಹೊತ್ತಿಗೆ ಎದ್ದುಹೋಗಿ ಕಾಫಿಗೆ ಇಟ್ಟರು.

ಮುಂದಿನ ಶನಿವಾರ ಸಿಲಿಂಡರು ವಾಪಸು ಕೊಡಲು ಹನೂರಿಗೆ ಹೋದೆವು. ಸೋಡಾ ಅಂಗಡಿಯವರು ರೆಗ್ಯುಲೇಟರು ಬಿಚ್ಚಿ, ಎರಡಾಗಿ ಸೀಳಿದ್ದ ವಾಷರನ್ನು ಉಗುರಿನಿಂದ ಎತ್ತಿ ತೋರಿಸಿದರು.

"ಎಲ್ಲಿ ಮಡಗಿದ್ರಿ ತಾಯಿ?"

"ಗುಂಡಿಯಲ್ಲಿ."

ಅವರು ಕೈಯಲ್ಲಿದ್ದ ವಾಷರನ್ನು ಮೇಜಿನ ಮೇಲಿಟ್ಟು, ತಮಿಳಿನಲ್ಲಿ ದೇವರನ್ನು ಕರೆದು, ಕನ್ನಡದಲ್ಲಿ ನನ್ನನ್ನು ಕೇಳಿದರು: "ಮೇಷ್ಟ್ರಮ್ಮ ಅಲ್ವಾ ನೀವು?" ನಾನು ನೆಲ ನೋಡಿದೆ. ಪಾಪ, ಮತ್ತೇನೂ ಅನ್ನದೆ ಇಬ್ಬರಿಗೂ ಶುಂಠಿ ಸೋಡಾ ಒಡೆದು ಕೊಟ್ಟರು. ಬಸ್ಸು ಹತ್ತುವಾಗ ಹಿಂದಿನಿಂದ ಕೂಗಿ, "ಗಿಡಕ್ಕೆ ನೀರು ಉಯ್ರಿ ಸಾಕು" ಅಂದರು.

ಗುಂಡಿಯನ್ನು ಮುಚ್ಚಿಸಬೇಕೆಂದು ಅತ್ತೆ ಹಟ ಹಿಡಿದರು. ಸತ್ತೇಗಾಲದಿಂದ ಅಣ್ಣ ಟ್ರ್ಯಾಕ್ಟರಿನಲ್ಲಿ ಗದ್ದೆಯ ಮಣ್ಣು ತಂದು ಸುರಿದ. ದಮ್ಮಸು ಮಾಡಿ, ಮೇಲೆ ಕಡಪ ಕಲ್ಲು ಹಾಸಿಸಿದೆವು. ಕೋಣೆ ಒಂದೇ ಸಮ ಆಯಿತು, ಓಡಾಡುವುದಕ್ಕೆ ಹಾಯೆನಿಸಿತು. ಆದರೆ ಗಿಡಗಳ ಹಸಿವು ಇದ್ದಲ್ಲೇ ಇತ್ತು. ಕಿಟಕಿಗೆ ಥರ್ಮಾಕೋಲ್ ವಾಪಸು ಹೊಡೆದ ಮೇಲೆ ಮೀಟರು ಮತ್ತೆ ಇನ್ನೂರೈವತ್ತು, ಎಲೆ ಮತ್ತೆ ತೆಳ್ಳಗೆ. ನಾನು ದಿನಕ್ಕೆರಡು ಸಲ ಬಾಗಿಲು ತೆರೆದು ಮುಚ್ಚಿ ಕಾಲ ತಳ್ಳುತ್ತಿದ್ದೆ. ಯಳಂದೂರಿಗೆ ಹೋಗುವ ಡಬ್ಬಿ ಚಿಕ್ಕದಾಯಿತು.

ಮಾರ್ಚಿ ಬಂತು. ಬಿಸಿಲು ಹೆಂಚು ಕಾಯಿಸಿದ ಹಾಗೆ. ಒಂದು ದಿನ ಮಧ್ಯಾಹ್ನ ಶಾಲೆಯಿಂದ ಬೇಗ ಬಂದವಳು ಮನೆಗೆ ಕಾಲಿಟ್ಟರೆ ಯಾರೂ ಇಲ್ಲ. ಅತ್ತೇ ಎಂದು ಕೂಗಿದೆ. ಉತ್ತರವಿಲ್ಲ. ಹಿಂದಿನ ಕೋಣೆಯ ಬಾಗಿಲು ಮುಚ್ಚಿದೆ. ಬಾಗಿಲ ಗಾಜಿನಿಂದ ಇಣುಕಿದರೆ ಕಣ್ಣಿಗೆ ಬಿದ್ದಿದ್ದು ಗೋಡೆಯ ಮೀಟರು. ಸಾವಿರದ ನಾನೂರು! ಸಿಲಿಂಡರು ಇಲ್ಲ, ಗುಂಡಿ ಇಲ್ಲ, ಇದೆಲ್ಲಿಂದ ಬಂತು? ಕೆಳಗೆ ನೋಡಿದರೆ ನೆಲದ ಮೇಲೆ ನಾಲ್ಕು ಜನ ಹೆಂಗಸರು. ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲು ದಬ್ಬಿ, "ಏಳಿ! ಎಲ್ಲ ಹೊರಗೆ ಬನ್ನಿ!" ಎಂದು ಕಿರುಚಿದೆ.

ನಾಲ್ವರೂ ಬಾಯಿ ಬಿಟ್ಟುಕೊಂಡು ನನ್ನನ್ನು ನೋಡಿದರು. ಅತ್ತೆ, ಪಕ್ಕದ ಮನೆಯ ನೇಯುವ ಹೆಂಗಸು, ಬೀದಿಯ ಇನ್ನಿಬ್ಬರು ಅಜ್ಜಿಯರು. ಮಧ್ಯದಲ್ಲಿ ಗೋಣಿಚೀಲ ಹಾಸಿ ಗುಡ್ಡೆ ಹುಣಸೆಹಣ್ಣು. ಕಲ್ಲಿನಿಂದ ಕುಟ್ಟಿ ಕುಟ್ಟಿ ಬೀಜ ತೆಗೆಯುತ್ತಿದ್ದರು.

"ಏನಾಯ್ತವ್ವ?" ಅಂದರು ಅತ್ತೆ.

"ಮೀಟರು! ಸಾವಿರದ ನಾನೂರು!"

"ಎಚ್ಚೋ ಕಮ್ಮಿಯೋ?"

ಹೆಚ್ಚು ಎನ್ನುವಷ್ಟರಲ್ಲಿ ನನಗೇ ಹೊಳೆಯಿತು. ಅಲ್ಲಿ ಗುಟ್ಟೇನೂ ಇರಲಿಲ್ಲ. ಹೊರಗೆ ಸೆಕೆ, ಒಳಗೆ ಎ.ಸಿ. ತಂಪು. ಊಟ ಮುಗಿದಾಗಿನಿಂದ ನಾಲ್ಕು ಜನ ಬಾಗಿಲು ಹಾಕಿಕೊಂಡು ಹುಣಸೆಹಣ್ಣು ಕುಟ್ಟುತ್ತ, ಬೀದಿಯ ಸುದ್ದಿಯನ್ನೆಲ್ಲ ಮಾತಾಡಿದ್ದಾರೆ. ಬಿಟ್ಟ ಉಸಿರು ಎಲ್ಲಿಗೆ ಹೋಗುತ್ತದೆ? ನಮ್ಮ ಸ್ಟಾಫ್ ರೂಮಿನ ಗಾಳಿಯೂ ಮೀಟಿಂಗಿನ ದಿನ ಇದಕ್ಕಿಂತ ಕಡಿಮೆ ಇರಲಾರದು. ನಾನು ಬಾಗಿಲಲ್ಲೇ ಕೂತು ನಗಲು ಶುರು ಮಾಡಿದೆ. ಯಾಕೆ ನಗುತ್ತಿದ್ದೇನೆಂದು ಹೇಳಿದ ಮೇಲೆ ಅವರೂ ಸೇರಿಕೊಂಡರು. ನಾಲ್ವರೂ ಬಿದ್ದು ಬಿದ್ದು ನಕ್ಕಿದ್ದರಿಂದ ಮೀಟರು ಇನ್ನೂ ಐವತ್ತು ಏರಿತು.

"ನಮ್ಮ ಉಸ್ರು ಸಾಕು ಅಂದ್ರೆ ಸಿಲಿಂಡ್ರು ಯಾಕ್ ತರುಸ್ದೆ?" ಎಂದು ಅತ್ತೆ ಇವತ್ತಿಗೂ ಕೇಳುತ್ತಾರೆ.

ಅಂದಿನಿಂದ ಆ ಕೋಣೆ ಬೀದಿಯ ಹೆಂಗಸರ ಪಡಸಾಲೆಯಾಯಿತು. ಹನ್ನೊಂದಕ್ಕೆ ಬಂದರೆ ಮೂರರ ತನಕ. ಹುಣಸೆಹಣ್ಣು ಮುಗಿದ ಮೇಲೆ ಅಕ್ಕಿ ಆರಿಸುವುದು, ಅದಾದ ಮೇಲೆ ಹೂ ಕಟ್ಟುವುದು. ನಾನು ಎರಡೇ ಕಟ್ಟಳೆ ಮಾಡಿದೆ: ಎಲೆ ಮುಟ್ಟಬಾರದು, ಮೀಟರು ಸಾವಿರದ ಐನೂರು ದಾಟಿದರೆ ಬಾಗಿಲು ತೆರೆಯಬೇಕು. ಮೀಟರು ಓದುವ ಕೆಲಸ ಅತ್ತೆಯದು. ಅತ್ತೆಗೆ ಅಕ್ಷರ ಅಷ್ಟಾಗಿ ಬರದು, ಅಂಕಿ ಚೆನ್ನಾಗಿ ಬರುತ್ತದೆ. ನಾಲ್ವರಲ್ಲಿ ಒಬ್ಬಜ್ಜಿ ಮಹಾ ಮಾತುಗಾತಿ. ಆಕೆ ಬಂದ ದಿನ ಮೀಟರು ಬೇಗ ಏರುತ್ತದೆ ಎಂದು ನನ್ನ ಗಂಡ ವಾದಿಸುತ್ತಿದ್ದರು. ನಾನು ನಂಬಿರಲಿಲ್ಲ. ಆಮೇಲೆ ಬರೆದಿಟ್ಟು ನೋಡಿದೆ, ಅದು ನಿಜ.

ಎಲೆ ಮತ್ತೆ ದಪ್ಪಗಾಯಿತು. ಸಿಲಿಂಡರಿನ ಕಾಲದಷ್ಟು ಅಲ್ಲದಿದ್ದರೂ, ಕರ್ ಅನ್ನುವಷ್ಟು. ಏಪ್ರಿಲಿನಲ್ಲಿ ಒಂದು ದಿನ ಅಡುಗೆಯವನು ಯಳಂದೂರಿನಿಂದ ಬಸ್ಸು ಹತ್ತಿ ತಾನೇ ಬಂದ. "ಮೇಡಂ, ನಮ್ಮ ಮ್ಯಾನೇಜರು ಕೇಳ್ತಾವ್ರೆ, ಯಾವ ಮಿಷಿನ್ ಹಾಕಿದ್ದೀರ ಅಂತ. ಒಂದು ಫೋಟೊ ತಕಂಡು ಬಾ ಅಂದ್ರು."

ಕೋಣೆಯ ಬಾಗಿಲು ತೆರೆದು ತೋರಿಸಿದೆ. ಅಜ್ಜಿಯರು ಹೆಗಲ ತುಂಬ ಸೆರಗು ಹೊದ್ದು ಕೂತು, ಬೀಜ ತೆಗೆದಿಟ್ಟಿದ್ದ ಹುಣಸೆಹಣ್ಣನ್ನು ಉಂಡೆ ಕಟ್ಟುತ್ತಿದ್ದರು. ಅವನು ರ್‍ಯಾಕಿನ ಹಿಂದೆ ನೋಡಿದ, ಸೂರು ನೋಡಿದ.

"ಮಿಷಿನ್ ಎಲ್ಲಿ ಮೇಡಂ?"

"ಇಲ್ಲೇ ಕೂತವೆ, ಕಾಣಕಿಲ್ವಾ?" ಅಂದಳು ಪಕ್ಕದ ಮನೆಯವಳು.

ಅವನನ್ನು ಕೂರಿಸಿಕೊಂಡರು. ಯಾವೂರು, ಮದುವೆ ಆಯಿತಾ, ಬೆಟ್ಟದಲ್ಲಿ ಆನೆ ಬರುತ್ತದಾ ಎಂದೆಲ್ಲ ವಿಚಾರಣೆ ಆಯಿತು. ಆಮೇಲೆ ಮಾತುಗಾತಿ ಅಜ್ಜಿ, "ಈ ಎಲೆಯ ನೀವು ಏನ್ ಮಾಡೀರಿ, ಒಂದ್ಸಲ ಮಾಡಿ ತೋರ್ಸಪ್ಪ" ಅಂದರು. ಅವನು ನಮ್ಮ ಅಡುಗೆಮನೆಗೆ ಹೋಗಿ ಎಲೆಗಳನ್ನು ಕೈಯಲ್ಲೇ ಹರಿದು, ಹುಣಸೆಹಣ್ಣಿನ ರಸಕ್ಕೆ ಚೂರು ಬೆಲ್ಲ, ಹುರಿದ ಕಡಲೆಕಾಯಿ, ಉಪ್ಪು, ಒಂದು ಚಮಚ ಎಣ್ಣೆ ಸೇರಿಸಿ ಕಲಸಿ ದೊಡ್ಡ ಬೋಗುಣಿಯಲ್ಲಿ ತಂದ. ನಾಲ್ವರೂ ಒಂದೊಂದು ಹಿಡಿ ತೆಗೆದುಕೊಂಡು ನಿಧಾನವಾಗಿ ಅಗಿದರು. ಅವನು ಪರೀಕ್ಷೆಯ ಫಲಿತಾಂಶಕ್ಕೆ ಕಾದ ಹಾಗೆ ನಿಂತಿದ್ದ.

ಅತ್ತೆ ಮೊದಲು ಬಾಯಿ ಬಿಟ್ಟರು. "ಇದು ಕೋಸಂಬ್ರಿನೇ ಕಣಪ್ಪ. ಬ್ಯಾಳೆ ಆಕದ ಮರ್ತಿದ್ದೀಯ."

ಅವನು ನಗುತ್ತ ನನ್ನ ಕಡೆ ನೋಡಿದ. ನಾನು ಅಡುಗೆಮನೆಯಲ್ಲಿ ನೆನೆಹಾಕಿದ್ದ ಹೆಸರುಬೇಳೆಯನ್ನು ಬಸಿದು ತಂದುಕೊಟ್ಟೆ. ಅತ್ತೆ ಬೇಳೆ ಹಾಕಿ, ಸಾಸಿವೆ ಒಗ್ಗರಣೆ ಕೊಟ್ಟು, ಇನ್ನೊಮ್ಮೆ ಕಲಸಿದರು. ಬೋಗುಣಿ ಎರಡು ಸುತ್ತು ಬರುವಷ್ಟರಲ್ಲಿ ಖಾಲಿಯಾಯಿತು. ಅಡುಗೆಯವನು ಅತ್ತೆ ಹೇಳಿದ ಅಳತೆಯನ್ನೆಲ್ಲ ಫೋನಿನಲ್ಲಿ ಬರೆದುಕೊಂಡ. ಮೂರು ಗಂಟೆಗೆ ಎಲೆಯ ಡಬ್ಬಿ ಹಿಡಿದು ಯಳಂದೂರಿನ ಬಸ್ಸಿಗೆ ಹೊರಟವನ ಬ್ಯಾಗಿನಲ್ಲಿ ಒಂದು ಉಂಡೆ ಹುಣಸೆಹಣ್ಣೂ ಇತ್ತು. ಅಜ್ಜಿಯರು ಅವತ್ತು ಮನೆಗೆ ಹೋಗಿದ್ದು ಐದಕ್ಕೆ.